ಮೊದಲು ಸಂತೆ, ಆಮೇಲೆ ಆ್ಯಪ್

ಕೊನೆಯ ವರ್ಷದ ಪ್ರಾಜೆಕ್ಟಿಗೆ ವಿಷಯ ಹುಡುಕುವ ಬಿಸಿಎ, ಎಂಜಿನಿಯರಿಂಗ್ ವಿದ್ಯಾರ್ಥಿಗಳ ಕೈಗೆ ಮತ್ತೆ ಮತ್ತೆ ಸಿಗುವ ವಿಷಯವೊಂದಿದೆ. ಒಂದೇ ಕಾಲೇಜಿನವರು ತಮ್ಮ ಹಳೆಯ ಪುಸ್ತಕ, ಕ್ಯಾಲ್ಕುಲೇಟರ್, ಲ್ಯಾಬ್ ಕೋಟ್, ಸೈಕಲ್ಲುಗಳನ್ನು ಒಬ್ಬರಿಗೊಬ್ಬರು ಕೊಟ್ಟು ತೆಗೆದುಕೊಳ್ಳಲು ಒಂದು ಮೊಬೈಲ್ ಆ್ಯಪ್. ಯಾರು ಮಾಡಿದರೂ ಅದರ ಮೈಕಟ್ಟು ಹೆಚ್ಚುಕಡಿಮೆ ಒಂದೇ: ಲಾಗಿನ್, ವಸ್ತುವಿನ ಫೋಟೊ ಹಾಕುವ ಪುಟ, ಹುಡುಕುವ ಸೌಲಭ್ಯ, ಇಬ್ಬರ ನಡುವೆ ಚಾಟ್, ಮೇಲೊಬ್ಬ ಅಡ್ಮಿನ್. ಪರದೆ ಕಟ್ಟುವುದು ಫ್ಲಟರ್ ಎಂಬ ತಂತ್ರಾಂಶದಲ್ಲಿ, ಮಾಹಿತಿ ಇಡುವುದು ಫೈರ್‌ಬೇಸ್ ಎಂಬ ಆನ್‌ಲೈನ್ ಸೇವೆಯಲ್ಲಿ. ವೈವಾ ದಿನ ಆ್ಯಪ್ ಸರಾಗವಾಗಿ ಓಡುತ್ತದೆ, ಅಂಕವೂ ಬರುತ್ತದೆ. ಆದರೆ ಮುಂದಿನ ಜೂನಿನಲ್ಲಿ ಕಾಲೇಜಿಗೆ ಹೊಸದಾಗಿ ಸೇರಿದವರ ಫೋನಿನಲ್ಲಿ ಅದು ಕಾಣುವುದು ಅಪರೂಪ.

ಈ ಬರಹ ಆ ಮಾದರಿಯ ವಿಮರ್ಶೆ. ಅದನ್ನು ಒರೆಗೆ ಹಚ್ಚಲು ನಾನು ಆರಿಸಿಕೊಂಡದ್ದು ಹೊಳವನಹಳ್ಳಿಯ ಸೀಮೆ. ಹೊಳವನಹಳ್ಳಿ ತುಮಕೂರು ಜಿಲ್ಲೆಯ ಕೊರಟಗೆರೆ ತಾಲ್ಲೂಕಿನ ನಾಲ್ಕು ಹೋಬಳಿಗಳಲ್ಲಿ ಒಂದರ ಕೇಂದ್ರ. ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ ಸೇರಿದ್ದು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜಿಲ್ಲೆ ಅದು. ಪದವಿ ಓದಲು ಇಲ್ಲಿಯ ಮಕ್ಕಳು ಕೊರಟಗೆರೆಗೋ ಮಧುಗಿರಿಗೋ ತುಮಕೂರಿಗೋ ಬಸ್ಸು ಹತ್ತಬೇಕು. ದೊಡ್ಡ ನಗರದ ಕ್ಯಾಂಪಸ್ಸನ್ನು ಮನಸ್ಸಿನಲ್ಲಿಟ್ಟುಕೊಂಡು ಕಟ್ಟಿದ ಆ್ಯಪ್ ಇಂಥ ಕಡೆ ನಿಂತರೆ ಎಲ್ಲೆಡೆ ನಿಲ್ಲುತ್ತದೆ.

ಮೊದಲು ಅದರ ಸದುದ್ದೇಶಕ್ಕೆ ಸಲ್ಲಬೇಕಾದ್ದನ್ನು ಸಲ್ಲಿಸಬೇಕು. ಇಲ್ಲಿ ಇಂಥದೊಂದು ವ್ಯವಸ್ಥೆಯ ಅಗತ್ಯ ನಿಜವಾದದ್ದು. ಜೂನ್, ಜುಲೈ ಮುಂಗಾರು ಬಿತ್ತನೆಯ ಕಾಲ. ಕಡ್ಲೆಕಾಯಿ ಬೀಜಕ್ಕೆ, ಗೊಬ್ಬರಕ್ಕೆ, ಉಳುಮೆಯ ಬಾಡಿಗೆಗೆ ಮನೆಯ ದುಡ್ಡು ಹೊರಡುವ ಹೊತ್ತಿಗೇ ಫೀಸು, ಸಮವಸ್ತ್ರ, ಪುಸ್ತಕದ ಖರ್ಚೂ ಬಂದು ನಿಲ್ಲುತ್ತದೆ. 2023ರ ಜೂನ್ 11ರಂದು ಶುರುವಾದ ಶಕ್ತಿ ಯೋಜನೆಯಿಂದ ಸರ್ಕಾರಿ ಬಸ್ಸಿನಲ್ಲಿ ಓಡಾಡುವ ಹೆಣ್ಣುಮಕ್ಕಳ ಪ್ರಯಾಣದ ಖರ್ಚು ಇಳಿದಿದೆ. ಪುಸ್ತಕದ ಖರ್ಚು ಹಾಗೇ ಇದೆ. ಒಬ್ಬಳ ಮನೆಯ ಅಟ್ಟದಲ್ಲಿ ಧೂಳು ಹಿಡಿದಿರುವ ಸಿಇಟಿ ಗೈಡು ಪಕ್ಕದ ಹಳ್ಳಿಯ ಇನ್ನೊಬ್ಬಳ ಒಂದು ವರ್ಷದ ಓದಿಗೆ ಆಧಾರವಾಗಬಲ್ಲದು. ಈ ಎರಡು ಮನೆಗಳನ್ನು ಸೇರಿಸಬೇಕೆಂಬ ಆಸೆ ಒಳ್ಳೆಯದು. ಸೇರಿಸುವ ದಾರಿ ಸರಿಯಿದೆಯೇ ಎಂಬುದು ನನ್ನ ಪ್ರಶ್ನೆ.

ಮೊದಲ ದೋಷವೇ ಎಲ್ಲಕ್ಕಿಂತ ದೊಡ್ಡದು. ಮಾರುಕಟ್ಟೆಗಳನ್ನು ಹೇಗೆ ಕಟ್ಟಬೇಕು ಎಂಬುದನ್ನೇ ಅಧ್ಯಯನ ಮಾಡಿ, 2012ರಲ್ಲಿ ಲಾಯ್ಡ್ ಶಾಪ್ಲಿ ಅವರೊಂದಿಗೆ ಅರ್ಥಶಾಸ್ತ್ರದ ನೊಬೆಲ್ ಹಂಚಿಕೊಂಡ ಆಲ್ವಿನ್ ರಾತ್, ಮಾರುಕಟ್ಟೆ ನಡೆಯಬೇಕಾದರೆ ಮೊದಲು ಅದು ದಟ್ಟವಾಗಿರಬೇಕು ಎನ್ನುತ್ತಾರೆ. ಕೊಡುವವರೂ ಬೇಕೆನ್ನುವವರೂ ಒಂದೇ ಹೊತ್ತಿನಲ್ಲಿ ಸಾಕಷ್ಟು ಸಂಖ್ಯೆಯಲ್ಲಿ ಕೂಡಿರಬೇಕು. 600 ವಿದ್ಯಾರ್ಥಿಗಳ ಒಂದು ಕಾಲೇಜನ್ನು ಊಹಿಸಿಕೊಳ್ಳಿ. ಮೂರು ಕೋರ್ಸು, ಮೂರು ವರ್ಷ. ಒಟ್ಟು ಒಂಬತ್ತು ಗುಂಪು. ಒಂದೊಂದರಲ್ಲಿ ಹತ್ತಿರ ಹತ್ತಿರ 67 ಜನ. ಬಿಕಾಂ ಎರಡನೇ ವರ್ಷದ ಪುಸ್ತಕ ಬೇಕಾದದ್ದು ಅಂಥ ಒಂದು ಗುಂಪಿಗೆ ಮಾತ್ರ, ಅದನ್ನು ಕೊಡಬಲ್ಲದ್ದೂ ಒಂದೇ ಗುಂಪು. ಅವರಲ್ಲಿ ಆ್ಯಪ್ ಹಾಕಿಕೊಂಡವರು ಕೆಲವರು, ಆ ವಾರ ಅದನ್ನು ತೆರೆದು ನೋಡಿದವರು ಇನ್ನೂ ಕಡಿಮೆ. ಆಗಸ್ಟಿನಲ್ಲಿ ಒಬ್ಬಳು ಹುಡುಕುತ್ತಾಳೆ, ಏನೂ ಸಿಗುವುದಿಲ್ಲ. ಅಕ್ಟೋಬರಿನಲ್ಲಿ ಅದೇ ಪುಸ್ತಕವನ್ನು ಇನ್ನೊಬ್ಬ ಹಾಕುತ್ತಾನೆ, ಕೇಳುವವರಿಲ್ಲ. ಎರಡು ಸಲ ಬರಿಗೈಯಲ್ಲಿ ಮರಳಿದವರು ಮೂರನೆಯ ಸಲ ಆ್ಯಪ್ ತೆರೆಯುವುದಿಲ್ಲ. ಕೋಡಿನಲ್ಲಿ ಒಂದು ತಪ್ಪೂ ಇಲ್ಲದ ಆ್ಯಪ್ ಹೀಗೆ ಜನವಿಲ್ಲದೆ ಬಡವಾಗುತ್ತದೆ.

ಈ ತೊಡಕನ್ನು ನಮ್ಮ ಸೀಮೆ ಎಂದೋ ಬಿಡಿಸಿಕೊಂಡಿದೆ. ಇದೇ ಕೊರಟಗೆರೆ ತಾಲ್ಲೂಕಿನ ಅಕ್ಕಿರಾಂಪುರದಲ್ಲಿ ಕುರಿ, ಮೇಕೆಗಳ ಸಂತೆ ವಾರಕ್ಕೊಂದು ದಿನ ಸೇರುತ್ತದೆ. ಕುರಿ ಮಾರುವವನು ವಾರವಿಡೀ ಊರೂರು ಸುತ್ತಿ ಗಿರಾಕಿ ಹುಡುಕುವುದಿಲ್ಲ, ಸಂತೆಯ ದಿನ ಹೊಡೆದುಕೊಂಡು ಬರುತ್ತಾನೆ. ಕೊಳ್ಳುವವನೂ ಅದೇ ದಿನ ಬರುತ್ತಾನೆ. ಹಲ್ಲು ನೋಡಿ, ಬೆನ್ನು ಮುಟ್ಟಿ, ಪಕ್ಕದ ಕುರಿಯೊಂದಿಗೆ ಹೋಲಿಸಿ ಬೆಲೆ ತೀರ್ಮಾನವಾಗುತ್ತದೆ. ದಿನ ಗೊತ್ತು, ಜಾಗ ಗೊತ್ತು, ಸುಂಕ ಎತ್ತುವವರಿದ್ದಾರೆ, ಜಗಳವಾದರೆ ನಡುವೆ ಬಂದು ಬಿಡಿಸುವವರಿದ್ದಾರೆ. ಕಾಲೇಜಿನ ವಿನಿಮಯಕ್ಕೆ ಬೇಕಾದದ್ದೂ ಇದೇ ನಾಲ್ಕು. ವರ್ಷದ 365 ದಿನವೂ ತೆರೆದಿರುವ ಆ್ಯಪ್ ಈ ನಾಲ್ಕರಲ್ಲಿ ಒಂದನ್ನೂ ತಾನಾಗಿ ಒದಗಿಸುವುದಿಲ್ಲ.

ಎರಡನೆಯ ದೋಷ, ಕ್ಯಾಂಪಸ್ ಎಂದರೆ ಅಲ್ಲೇ ವಾಸಿಸುವ ಜನ ಎಂಬ ಊಹೆ. ಹಾಸ್ಟೆಲುಗಳು ತುಂಬಿರುವ ವಿಶ್ವವಿದ್ಯಾಲಯದಲ್ಲಿ ರಾತ್ರಿ ಎಂಟಕ್ಕೆ ಚಾಟ್ ಮಾಡಿ ಎಂಟೂವರೆಗೆ ಬಕೆಟ್ ಕೈಗೆ ಪಡೆಯಬಹುದು. ನಮ್ಮ ತಾಲ್ಲೂಕು ಕೇಂದ್ರದ ಕಾಲೇಜು ಸಂಜೆಯ ಬಸ್ಸಿಗೆ ಖಾಲಿಯಾಗುತ್ತದೆ. ಕೊಡುವವನು ಹೊಳವನಹಳ್ಳಿ ಕಡೆಯ ಬಸ್ಸಿನಲ್ಲಿ, ಕೊಳ್ಳುವವಳು ಮಧುಗಿರಿ ಕಡೆಯ ಬಸ್ಸಿನಲ್ಲಿ. ಇಬ್ಬರಿಗೂ ಸಿಗುವುದು ಕೊನೆಯ ತರಗತಿಗೂ ಬಸ್ಸಿಗೂ ನಡುವಿನ ಅಷ್ಟಿಷ್ಟು ಹೊತ್ತು. ವಸ್ತುವನ್ನು ಇಟ್ಟು ಹೋಗಲು ಕಾಲೇಜಿನೊಳಗೆ ಒಂದು ಭದ್ರವಾದ ಜಾಗವಿಲ್ಲದಿದ್ದರೆ ಚಾಟಿನಲ್ಲಿ ಕುದುರಿದ ವ್ಯವಹಾರ ಕೈಗೂಡುವುದಿಲ್ಲ. ಈ ಮಾದರಿಯ ಆ್ಯಪುಗಳಲ್ಲಿ ವಸ್ತು ಕೈ ಬದಲಾಗುವ ಜಾಗ, ಹೊತ್ತುಗಳ ಬಗ್ಗೆ ಸಾಮಾನ್ಯವಾಗಿ ಒಂದು ಪುಟವೂ ಇರುವುದಿಲ್ಲ.

ಮೂರನೆಯದು ಫೋನಿನ ವಿಷಯ. 2023ರ ‘ಅಸರ್’ ಸಮೀಕ್ಷೆ 26 ರಾಜ್ಯಗಳ 28 ಜಿಲ್ಲೆಗಳಲ್ಲಿ 14ರಿಂದ 18 ವರ್ಷದ ಗ್ರಾಮೀಣ ಮಕ್ಕಳನ್ನು ಮಾತಾಡಿಸಿತು. ಸುಮಾರು ಶೇ 90ರಷ್ಟು ಮಕ್ಕಳ ಮನೆಯಲ್ಲಿ ಸ್ಮಾರ್ಟ್‌ಫೋನ್ ಇತ್ತು. ಆದರೆ ಅದನ್ನು ಬಳಸಬಲ್ಲವರ ಪೈಕಿ ತಮ್ಮದೇ ಫೋನ್ ಇದ್ದದ್ದು ಹುಡುಗರಲ್ಲಿ ಶೇ 43.7 ಮಂದಿಗೆ, ಹುಡುಗಿಯರಲ್ಲಿ ಶೇ 19.8 ಮಂದಿಗೆ. ಉಳಿದವರದು ಅಪ್ಪನ ಫೋನು, ಅಣ್ಣನ ಫೋನು. ಮನೆಯವರ ಕೈಯಲ್ಲಿರುವ ಫೋನಿಗೆ ಗೊತ್ತಿಲ್ಲದ ಹುಡುಗನೊಬ್ಬ ‘ಪುಸ್ತಕ ಇದೆಯಾ’ ಎಂದು ಮೆಸೇಜು ಕಳಿಸಿದರೆ ಆ ಹುಡುಗಿ ಮನೆಯಲ್ಲಿ ಎಷ್ಟು ಪ್ರಶ್ನೆಗಳಿಗೆ ಉತ್ತರ ಹೇಳಬೇಕಾಗುತ್ತದೆ ಎಂಬುದು ಹಳ್ಳಿಯಲ್ಲಿ ಬೆಳೆದವರಿಗೆ ಗೊತ್ತು. ವೈವಾದಲ್ಲಿ ಮೆಚ್ಚುಗೆ ಪಡೆಯುವ ಚಾಟ್ ಸೌಲಭ್ಯವೇ ಇಲ್ಲಿ ಅವಳನ್ನು ಹೊರಗಿಡುವ ಬಾಗಿಲಾಗುತ್ತದೆ.

ಕಾನೂನಿನ ಮಾತೂ ಇದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆ 18 ತುಂಬದವರನ್ನೆಲ್ಲ ಮಕ್ಕಳೆಂದೇ ಪರಿಗಣಿಸುತ್ತದೆ. ಅವರ ಮಾಹಿತಿಯನ್ನು ಬಳಸಲು ಪೋಷಕರ ಒಪ್ಪಿಗೆ ಬೇಕು, ಆ ಒಪ್ಪಿಗೆ ಖಚಿತಪಡಿಸಿಕೊಳ್ಳುವಂತಿರಬೇಕು. ಪಿಯು ಕಾಲೇಜಿನ ಬಹುಪಾಲು ಮಕ್ಕಳಿಗೆ 18 ತುಂಬಿರುವುದಿಲ್ಲ. ಹೆಸರು, ಫೋಟೊ, ಫೋನ್ ನಂಬರನ್ನು ಕೇಳಿ ಪಡೆದು ಯಾವುದೋ ಸರ್ವರಿನಲ್ಲಿ ಇಟ್ಟು ಮರೆಯುವುದು ಸಣ್ಣ ಸಂಗತಿಯಲ್ಲ. ಅನುಭವಿಗಳೂ ಇಲ್ಲಿ ಎಡವುತ್ತಾರೆ. 2003ರಲ್ಲಿ ಅಮೆರಿಕದ ಟೂಸಾನ್ ನಗರದಲ್ಲಿ ಹುಟ್ಟಿದ ‘ಫ್ರೀಸೈಕಲ್’, ಬೇಡವಾದ ವಸ್ತುವನ್ನು ಬೇಕಾದವರಿಗೆ ಪುಕ್ಕಟೆಯಾಗಿ ಕೊಡಿಸುವ ಬಹಳ ದೊಡ್ಡ ಜಾಲ. ಊರೂರಿಗೆ ಸ್ವಯಂಸೇವಕರಿದ್ದು ಗುಂಪನ್ನು ನೋಡಿಕೊಳ್ಳುವುದೇ ಅದರ ಬಲ. ಅಷ್ಟು ಅನುಭವವಿದ್ದ ಅದರಿಂದಲೂ 2023ರಲ್ಲಿ ಸುಮಾರು 70 ಲಕ್ಷ ಬಳಕೆದಾರರ ಮಾಹಿತಿ ಸೋರಿಹೋಯಿತು. ಬೇಕಾದದ್ದಕ್ಕಿಂತ ಒಂದಕ್ಷರ ಹೆಚ್ಚು ಮಾಹಿತಿಯನ್ನೂ ಪಡೆಯದಿರುವುದು ವಿದ್ಯಾರ್ಥಿ ತಂಡ ಪಾಲಿಸಬಹುದಾದ ಅತ್ಯುತ್ತಮ ರಕ್ಷಣೆ.

ನಾಲ್ಕನೆಯ ದೋಷ ಪಟ್ಟಿಯಲ್ಲಿದೆ. ಪುಸ್ತಕದ ಹೆಸರು, ಲೇಖಕರು, ಬೆಲೆ, ಫೋಟೊ. ಅಷ್ಟಕ್ಕೆ ಪಟ್ಟಿ ಮುಗಿಯುತ್ತದೆ. ಕರ್ನಾಟಕದ ಪದವಿ ಕಾಲೇಜುಗಳಿಗೆ 2021–22ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯ ಪಠ್ಯಕ್ರಮ ಬಂತು. 2024–25ರಿಂದ ಅದನ್ನು ಕೈಬಿಟ್ಟು ರಾಜ್ಯ ಶಿಕ್ಷಣ ನೀತಿಯ ಪಠ್ಯಕ್ರಮ ಶುರುವಾಯಿತು. ಹಾಗಾಗಿ ಒಂದೇ ಹೆಸರಿನ ವಿಷಯಕ್ಕೆ ಅಣ್ಣ ಓದಿದ ಪುಸ್ತಕ ಬೇರೆ, ತಂಗಿಗೆ ಬೇಕಾದ ಪುಸ್ತಕ ಬೇರೆ. ಯಾವ ವಿಶ್ವವಿದ್ಯಾಲಯ, ಯಾವ ಸೆಮಿಸ್ಟರ್, ಯಾವ ವರ್ಷದ ಪಠ್ಯಕ್ರಮ ಎಂಬ ಮೂರು ಪ್ರಶ್ನೆ ಕೇಳದ ಆ್ಯಪ್ ಬಡ ವಿದ್ಯಾರ್ಥಿಗೆ ಉಪಯೋಗವಿಲ್ಲದ ಪುಸ್ತಕ ಕೊಡಿಸಿ ಅವಳ ದುಡ್ಡು ಕಳೆಯುತ್ತದೆ. ಈ ಪ್ರಶ್ನೆಗಳು ಕನ್ನಡದಲ್ಲಿರಬೇಕು. ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದಿದ ಮಕ್ಕಳು ಪಾವಗಡದಲ್ಲಿ ಬೇಕಾದಷ್ಟಿದ್ದಾರೆ. ಬರಿ ಇಂಗ್ಲಿಷಿನ ಪರದೆ ಅವರಿಗೆ ಮೂರನೆಯ ಭಾಷೆಯ ಪರೀಕ್ಷೆ.

ಮಾರುವುದನ್ನೂ ಎರವಲು ಕೊಡುವುದನ್ನೂ ಒಂದೇ ಗುಂಡಿಯಡಿ ಇಟ್ಟಿರುವುದು ಐದನೆಯ ದೋಷ. ಮಾರಾಟ ಒಂದು ಭೇಟಿಗೆ ಮುಗಿಯುತ್ತದೆ. ಎರವಲಿಗೆ ಲೆಕ್ಕ ಇಡುವವರು ಬೇಕು: ಯಾರು ಒಯ್ದರು, ಯಾವಾಗ ತರಬೇಕು, ಹರಿದರೆ ಯಾರ ಹೊಣೆ. ಪರಿಶಿಷ್ಟ ಜಾತಿಯ ವೃತ್ತಿಶಿಕ್ಷಣ ವಿದ್ಯಾರ್ಥಿಗಳಿಗೆಂದು 1978–79ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಬುಕ್ ಬ್ಯಾಂಕ್ ಯೋಜನೆಯಲ್ಲಿ ಈ ಸ್ಪಷ್ಟತೆ ಇತ್ತು. ಇಬ್ಬರು ವಿದ್ಯಾರ್ಥಿಗಳಿಗೆ ಒಂದು ಸೆಟ್ ಪುಸ್ತಕ, ಆ ಸೆಟ್ಟಿನ ಆಯುಸ್ಸು ಮೂರು ವರ್ಷ ಎಂದು ನಿಯಮವೇ ಹೇಳಿತ್ತು. ಅಮೆರಿಕದ ಬರ್ಕ್ಲಿ ನಗರದ ಸಾರ್ವಜನಿಕ ಗ್ರಂಥಾಲಯ 1979ರಿಂದ ಪುಸ್ತಕದಂತೆಯೇ ಗರಗಸ, ಏಣಿ, ಡ್ರಿಲ್ಲಿಂಗ್ ಯಂತ್ರಗಳನ್ನೂ ಎರವಲು ಕೊಡುತ್ತಿದೆ. ಎರಡು ಕಡೆಯೂ ವಸ್ತುವಿನ ಹಿಂದೆ ಒಂದು ಸಂಸ್ಥೆ, ಒಂದು ರಿಜಿಸ್ಟರ್ ಇತ್ತು. ಆ ರಿಜಿಸ್ಟರಿನ ಕೆಲಸಕ್ಕೆ ಹೊಸ ಕೋಡ್ ಬರೆಯುವ ಅಗತ್ಯವೂ ಇಲ್ಲ. ಕೇಂದ್ರ ಸರ್ಕಾರದ ಎನ್‌ಐಸಿ ರೂಪಿಸಿದ ‘ಇ-ಗ್ರಂಥಾಲಯ’, 2000ದಲ್ಲಿ ನ್ಯೂಜಿಲೆಂಡಿನಲ್ಲಿ ಬಳಕೆಗೆ ಬಂದ ಮುಕ್ತ ತಂತ್ರಾಂಶ ‘ಕೋಹಾ’ ಇದಕ್ಕೆಂದೇ ಇವೆ. ಅವುಗಳಲ್ಲಿ ಕ್ಯಾಲ್ಕುಲೇಟರಿಗೂ ಒಂದು ನಂಬರು ಕೊಡಬಹುದು.

ಕೊನೆಯದಾಗಿ, ಮಾಡಿದವರು ಹೊರಟುಹೋದ ಮೇಲಿನ ಮಾತು. ಗೂಗಲ್ ಪ್ಲೇಯಲ್ಲಿ ಆ್ಯಪ್ ಇಡಲು ಒಂದು ಸಲ 25 ಡಾಲರ್ ಕಟ್ಟಬೇಕು. 2023ರ ನವೆಂಬರ್ ನಡುವಿನಿಂದೀಚೆಗೆ ತೆರೆದ ವೈಯಕ್ತಿಕ ಖಾತೆಯಾದರೆ ಬಿಡುಗಡೆಗೆ ಮುಂಚೆ ಕನಿಷ್ಠ 12 ಜನ 14 ದಿನ ಬಳಸಿ ಪರೀಕ್ಷಿಸಬೇಕು. ಈ ಸಂಖ್ಯೆ ಮೊದಲು 20 ಇತ್ತು. ಆಮೇಲೂ ಹೊಸ ಆಂಡ್ರಾಯ್ಡಿಗೆ ತಕ್ಕಂತೆ ಆ್ಯಪನ್ನು ಪರಿಷ್ಕರಿಸುತ್ತಲೇ ಇರಬೇಕು, ಬಿಟ್ಟರೆ ಹೊಸ ಫೋನಿನವರಿಗೆ ಅದು ಅಂಗಡಿಯಲ್ಲಿ ಕಾಣುವುದೇ ನಿಲ್ಲುತ್ತದೆ. ಓದು ಮುಗಿಸಿ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದವರಿಂದ ಇಷ್ಟನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಸಂತೆಗೆ ಮೂರು ಮೊಳ ನೇಯ್ದಂತೆ ವೈವಾಕ್ಕೆಂದು ಹೊಸೆದ ಕೆಲಸ ವೈವಾದೊಂದಿಗೇ ಮುಗಿಯುತ್ತದೆ. ಇದರಲ್ಲಿ ಮಕ್ಕಳಿಗಿಂತ ಹೆಚ್ಚಿನ ಪಾಲು ಅಂಕ ಕೊಡುವ ಪದ್ಧತಿಯದು. ಪರದೆಗೆ ಅಂಕವಿದೆ, ಮುಂದಿನ ವರ್ಷದ ಬಳಕೆಗೆ ಇಲ್ಲ.

ಹಾಗಾದರೆ ಹೇಗಿರಬೇಕು? ವರ್ಷಕ್ಕೆರಡು ವಿನಿಮಯ ಸಂತೆ ನಡೆಯಲಿ: ಪರೀಕ್ಷೆ ಮುಗಿದ ವಾರ ಒಂದು, ಹೊಸ ವರ್ಷದ ತರಗತಿ ಶುರುವಾಗುವ ವಾರ ಇನ್ನೊಂದು. ಮೊದಲನೆಯದರಲ್ಲಿ ವಸ್ತುಗಳು ಕಾಲೇಜಿನ ಗ್ರಂಥಾಲಯಕ್ಕೆ ಬರಲಿ, ಎರಡನೆಯದರಲ್ಲಿ ಹೊಸಬರ ಕೈ ಸೇರಲಿ. ಬೇಗ ಮುಗಿಯುವಂತೆ ಪಠ್ಯಕ್ರಮದ ವರ್ಷದ ಪ್ರಕಾರ ಪುಸ್ತಕ ಜೋಡಿಸಿ, ಬೆಲೆಯ ಮಿತಿ ಮೊದಲೇ ನಿಗದಿ ಮಾಡಿ, ಬೇಕಾದವರಿಗೆ ಪುಕ್ಕಟೆ ಸಿಗುವ ಒಂದು ಮೇಜನ್ನೂ ಇಡಬೇಕು. ಆ್ಯಪಿನ ಕೆಲಸ ಈ ಸಂತೆಯ ಪಟ್ಟಿ ಇಡುವುದು: ಏನು ಬಂದಿದೆ, ಏನು ಬೇಕಾಗಿದೆ, ಯಾವಾಗ ಬರಬೇಕು. ವಿದ್ಯಾರ್ಥಿಯ ನಂಬರು ಅದರಲ್ಲಿ ಯಾರಿಗೂ ಕಾಣಬಾರದು. ಚಾಟ್ ಬೇಡ. ಫೋನಿಲ್ಲದವಳಿಗೆ ಅದೇ ಪಟ್ಟಿಯ ಪ್ರಿಂಟು ನೋಟಿಸ್ ಬೋರ್ಡಿನಲ್ಲಿರಲಿ.

ಒಂದು ಕಾಲೇಜಿನ ವಿದ್ಯಾರ್ಥಿಗಳ ಸಂಖ್ಯೆ ಸಾಲದೆಹೋದರೆ ಕೈಗೆ ಇನ್ನೊಂದು ಆಧಾರವಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಗೆ ಬಂದವು. ಈಗ ಅರಿವು ಕೇಂದ್ರಗಳೆಂಬ ಹೆಸರಿನಲ್ಲಿ ರಾಜ್ಯದಲ್ಲಿ 5,600ಕ್ಕೂ ಹೆಚ್ಚಿವೆ. ಅಲ್ಲಿ ಮೇಲ್ವಿಚಾರಕರಿದ್ದಾರೆ, ಕಪಾಟಿದೆ, ಮಕ್ಕಳಿಗೆ ಸದಸ್ಯತ್ವ ಉಚಿತ. ಹೊಳವನಹಳ್ಳಿ ಹೋಬಳಿಯ ಹಳ್ಳಿಗಳಿಂದ ನಾಲ್ಕಾರು ಕಾಲೇಜುಗಳಿಗೆ ಹೋಗುವ ಮಕ್ಕಳು ಸಂಜೆ ಮರಳುವುದು ತಮ್ಮ ಊರಿಗೇ. ಕಾಲೇಜಿನಲ್ಲಿ ಚದುರಿಹೋಗುವ ದಟ್ಟಣೆ ಊರಿನಲ್ಲಿ ಕೂಡುತ್ತದೆ. ಅಕ್ಕಪಕ್ಕದ ಅರಿವು ಕೇಂದ್ರಗಳನ್ನು ಒಂದೇ ಪಟ್ಟಿಗೆ ಸೇರಿಸುವ ಸರಳ ಆ್ಯಪ್, ಒಂದು ಕಾಲೇಜಿಗೆ ಸೀಮಿತವಾದ ಸೊಗಸಾದ ಆ್ಯಪಿಗಿಂತ ಹೆಚ್ಚು ಮನೆಗಳಿಗೆ ತಲುಪುತ್ತದೆ.

ಈಗಿರುವ ರೂಪದಲ್ಲಿ ಕ್ಯಾಂಪಸ್ ವಿನಿಮಯ ಆ್ಯಪ್ ಒಳ್ಳೆಯ ಉದ್ದೇಶದ ಅರ್ಧ ಕೆಲಸ. ಉಳಿದರ್ಧ ಕೋಡಿನ ಆಚೆ ಇದೆ, ಮತ್ತು ಅದೇ ಕಷ್ಟದ ಅರ್ಧ. ಈ ಸಲ ಇದೇ ವಿಷಯ ಆರಿಸಿಕೊಳ್ಳುವ ವಿದ್ಯಾರ್ಥಿಗಳಲ್ಲಿ ನನ್ನದೊಂದು ಕೋರಿಕೆ: ಲ್ಯಾಪ್‌ಟಾಪ್ ತೆರೆಯುವ ಮೊದಲು ನಿಮ್ಮ ಗ್ರಂಥಪಾಲಕರನ್ನು ಕಂಡು ಒಂದು ಸಂತೆ ನಡೆಸಿ, ಬಂದದ್ದನ್ನೂ ಹೋದದ್ದನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ಪುಟಗಳೇ ನಿಮ್ಮ ಆ್ಯಪಿನ ವಿನ್ಯಾಸ. ಪ್ರಾಜೆಕ್ಟಿನ ಮಾರ್ಗದರ್ಶಕರಲ್ಲೂ ಒಂದು ಕೋರಿಕೆ: ಅಂಕದ ಒಂದು ಪಾಲನ್ನು, ಕೆಲಸವನ್ನು ಕಿರಿಯರಿಗೆ ದಾಟಿಸಿ ಹೋದ ತಂಡಕ್ಕೆಂದೇ ಮೀಸಲಿಡಿ.