ಮನೆಗೆ ಹೋಗುವ ಪುಸ್ತಕ

ಸಿಂಧನೂರಿನಂಥ ಊರಿನ ಗ್ರಂಥಾಲಯ ಜನರಿಗೆ ಏನು ಕೊಡುತ್ತದೆ ಎಂದು ಕೇಳಿದರೆ ಸಿಗುವ ಸಿದ್ಧ ಉತ್ತರ ಮೂರು: ದಿನಪತ್ರಿಕೆ, ಫ್ಯಾನಿನ ಕೆಳಗೊಂದು ಕುರ್ಚಿ, ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕ. ಇದನ್ನು ನಾನು ಹಗುರವಾಗಿ ಕಾಣಲಾರೆ. ಒಂದೇ ಕೋಣೆಯ ಮನೆಯಲ್ಲಿ ಬೆಳೆದವರಿಗೆ ಸದ್ದಿಲ್ಲದ ಮೇಜೇ ದೊಡ್ಡ ಆಸ್ತಿ. 371(ಜೆ) ವಿಧಿ ಈ ಭಾಗದವರಿಗೆ ಶಿಕ್ಷಣ, ಉದ್ಯೋಗದಲ್ಲಿ ಮೀಸಲಾತಿ ತಂದ ಮೇಲಂತೂ ಆ ಮೇಜಿಗೆ ಬೆಲೆ ಹೆಚ್ಚಿದೆ. ನನ್ನ ತಕರಾರು ಬೇರೆ. ಅಷ್ಟಕ್ಕೇ ನಿಂತರೆ ಅದು ಓದುವ ಕೋಣೆ ಮಾತ್ರ, ಗ್ರಂಥಾಲಯವಲ್ಲ.

ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಐದು ಸೂತ್ರಗಳಲ್ಲಿ ಎರಡನೆಯದು ಓದುಗರ ಪರ: ಪ್ರತಿಯೊಬ್ಬರಿಗೂ ಅವರವರ ಪುಸ್ತಕ ಸಿಗಬೇಕು. ಮೂರನೆಯದು ಪುಸ್ತಕದ ಪರ: ಅದಕ್ಕೂ ತನ್ನ ಓದುಗರು ಸಿಗಬೇಕು. ಪರೀಕ್ಷೆಗೆ ಕೂತವರಿಗೆ ಯಾವ ಪುಸ್ತಕ ಬೇಕೆಂಬುದು ಮೊದಲೇ ಗೊತ್ತಿರುತ್ತದೆ. ಏನು ಬೇಕೆಂದೇ ಗೊತ್ತಿಲ್ಲದೆ ಕಪಾಟಿನ ಮುಂದೆ ನಿಂತ ಪಿಯುಸಿ ಹುಡುಗಿಯ ಕೈಗೆ ಒಂದು ಕಾದಂಬರಿ ಸಿಕ್ಕಿ, ಅವಳ ಜೊತೆ ಮನೆಗೆ ಹೋದಾಗ ಮಾತ್ರ ಮೂರನೆಯ ಸೂತ್ರ ಜೀವ ಪಡೆಯುತ್ತದೆ. ಬೀಗ ಹಾಕಿದ ಗಾಜಿನ ಕಪಾಟಿನಿಂದ ಅದು ಆಗದ ಕೆಲಸ.

ಇಲ್ಲಿನ ಓದುಗರಾದರೂ ಯಾರು? ತುಂಗಭದ್ರಾ ಎಡದಂಡೆ ಕಾಲುವೆಯ ನೀರನ್ನು ಹಿಂಬಾಲಿಸಿ ಬಂದ ಆಂಧ್ರದ ರೈತರು ಕ್ಯಾಂಪುಗಳನ್ನು ಕಟ್ಟಿಕೊಂಡರು. ಪೂರ್ವ ಪಾಕಿಸ್ತಾನದಿಂದ ಬಂದ ಬಂಗಾಳಿ ಕುಟುಂಬಗಳಿಗೂ ಇದೇ ತಾಲ್ಲೂಕಿನಲ್ಲಿ ಪುನರ್ವಸತಿಯಾಯಿತು. ನಿಜಾಮರ ಆಳ್ವಿಕೆ ಮುಗಿದ 1948ರವರೆಗೆ ಆಡಳಿತದ ಭಾಷೆ ಉರ್ದು. ಹೀಗೆ ಭತ್ತದ ಗದ್ದೆಗಳ ನಡುವೆ ನಾಲ್ಕು ಭಾಷೆಗಳು ಸಂಸಾರ ಹೂಡಿವೆ. ಈ ಬೆರಕೆಯಿಂದ ಕನ್ನಡ ಗಳಿಸಿದ್ದೇ ಹೆಚ್ಚು. ಕನ್ನಡದಲ್ಲಿ ಗಜಲ್ ಬರೆದ ಮೊದಲಿಗರಲ್ಲಿ ಒಬ್ಬರಾದ ಶಾಂತರಸರು ಇದೇ ರಾಯಚೂರು ಜಿಲ್ಲೆಯವರು, ಉರ್ದುವನ್ನೂ ಬಲ್ಲವರು. ಎರಡು ಭಾಷೆಯ ಓದು ಇಲ್ಲದಿದ್ದರೆ ಆ ಗಜಲುಗಳು ಹುಟ್ಟುತ್ತಿರಲಿಲ್ಲ.

ಹಾಗಾದರೆ ಸಿಂಧನೂರಿನ ಕಪಾಟು ಬೆಂಗಳೂರಿನ ಕಪಾಟಿನ ಸಣ್ಣ ನಕಲಾಗಿ ಏಕಿರಬೇಕು? ಶಾಂತರಸರ ಪಕ್ಕದಲ್ಲಿ ಉರ್ದು ಕಾವ್ಯ, ಅದರ ಪಕ್ಕ ತೆಲುಗು ಕತೆ, ಕ್ಯಾಂಪಿನ ಅಜ್ಜಿಗೊಂದು ಬಂಗಾಳಿ ಪುಸ್ತಕ ಇರಲಿ. ಸಗಟು ಖರೀದಿಯ ಪಟ್ಟಿ ಎಷ್ಟೇ ಚೆನ್ನಾಗಿದ್ದರೂ ಈ ಅಜ್ಜಿಯನ್ನು ಅದು ಕಂಡಿಲ್ಲ. ಊರಿನ ಗ್ರಂಥಪಾಲಕರು ಕಂಡಿರುತ್ತಾರೆ. ಆಯ್ಕೆಯಲ್ಲಿ ಅವರ ಮಾತಿಗೂ ತೂಕ ಬರಬೇಕು.

ಇದು ದಾನ ಕೇಳುವ ಮಾತಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇ 6ರಷ್ಟು ಗ್ರಂಥಾಲಯ ಕರ ಸೇರುತ್ತದೆ. ಬಾಡಿಗೆ ಮನೆಯವರೂ ಬಾಡಿಗೆಯ ಮೂಲಕ ಅದರ ಭಾರ ಹೊರುತ್ತಾರೆ. ಆದ್ದರಿಂದ ವಿದ್ಯಾರ್ಥಿ ಗೆಳೆಯರಿಗೆ ನನ್ನದು ಒಂದೇ ಸಲಹೆ. ಮುಂದಿನ ಸಲ ಗ್ರಂಥಾಲಯಕ್ಕೆ ಹೋದಾಗ ಸದಸ್ಯತ್ವ ಪಡೆದು ಪಠ್ಯಕ್ಕೆ ಸೇರದ ಒಂದು ಪುಸ್ತಕವನ್ನು ಎರವಲು ತನ್ನಿ. ಕಪಾಟಿನಲ್ಲಿ ಅದು ಇಲ್ಲದಿದ್ದರೆ ಬೇಕೆಂದು ಬರೆದುಕೊಡಿ. ಗ್ರಂಥಾಲಯ ಕರದ ಹಣ ಎಷ್ಟು ಬಂತು, ಎಷ್ಟು ಪುಸ್ತಕವಾಯಿತು ಎಂದು ನಗರಸಭೆಯನ್ನೂ ಕೇಳಿ. ಕೇಳುವವರಿದ್ದರೆ ಕಪಾಟಿನ ಬೀಗ ಬಹಳ ದಿನ ನಿಲ್ಲದು.