ಎಡಪುಟ ಖಾಲಿ ಇರಲಿ

ಜನವರಿ ಬಂತೆಂದರೆ ಬ್ಯಾಂಕಿನವರೂ ಸಹಕಾರ ಸಂಘದವರೂ ಬಿಟ್ಟಿ ಹಂಚುವ, ತಾರೀಖು ಅಚ್ಚಾದ ಡೈರಿಯನ್ನು ಮಕ್ಕಳೊಂದಿಗರು ಮುಟ್ಟಬಾರದು. ಒಂದು ದಿನ ಮಗುವಿಗೆ ಜ್ವರ, ಮರುದಿನ ಸ್ಕೂಲಿನಲ್ಲಿ ಮೀಟಿಂಗು. ಖಾಲಿ ಬಿದ್ದ ಪುಟಗಳೇ ನಮ್ಮನ್ನು ಬೈಯತೊಡಗುತ್ತವೆ. ಮಾರ್ಚಿನ ಹೊತ್ತಿಗೆ ಅದು ಹಾಲಿನ ಲೆಕ್ಕದ ಪುಸ್ತಕ. ಪರೀಕ್ಷೆ ಮುಗಿದ ಮೇಲೆ ಮಕ್ಕಳ ನೋಟ್‌ಬುಕ್ಕುಗಳಲ್ಲಿ ಉಳಿದ ಹಾಳೆಗಳನ್ನು ಕಿತ್ತು ಹೊಲಿದುಕೊಂಡರೆ ಸಾಕು. ಬರೆದ ದಿನ ನಾವೇ ತಾರೀಖು ಹಾಕಿಕೊಳ್ಳುವುದು. ಟ್ಯೂಷನ್ ಬಿಡುವವರೆಗೆ ಗೇಟಿನ ಹತ್ತಿರ ನಿಂತಾಗಲೋ, ಕುಕ್ಕರ್ ಸೀಟಿ ಹಾಕುವುದರೊಳಗೋ ನಾಲ್ಕು ಸಾಲು. ನಿಯಮ ಒಂದೇ: ಬರೆಯುವುದು ಬಲಪುಟದಲ್ಲಿ, ಎಡಪುಟ ಖಾಲಿ. ಬಲಕ್ಕೆ ಇವತ್ತಿನ ಅಭಿಪ್ರಾಯ, ಸಿಟ್ಟಿದ್ದರೆ ಸಿಟ್ಟು. ಅದಕ್ಕೆ ಆಧಾರವೋ ಅಡ್ಡಿಯೋ ಯಾವಾಗ ಸಿಕ್ಕಿದರೂ ಎಡಕ್ಕೆ.

‘ಮಧುಗಿರಿ ಜಿಲ್ಲೆಯಾಗಲೇಬೇಕು’ ಎಂದು ನನ್ನ ಬಲಪುಟದಲ್ಲಿ ದಪ್ಪಕ್ಷರದಲ್ಲಿದೆ. ಕಾರಣಗಳೇನು ಕಡಿಮೆಯೆ? ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿ ಶಿಕ್ಷಣ ಇಲಾಖೆಗೆ ಆಗಲೇ ಒಂದು ಜಿಲ್ಲೆ; ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಶಿರಸಿ, ಚಿಕ್ಕೋಡಿಗಳ ಹಾಗೆ ನಮಗೂ ಬೇರೆ ಸಾಲಿದೆ. ಕಂದಾಯ ಇಲಾಖೆಗೆ ಮಾತ್ರ ನಾವಿನ್ನೂ ತುಮಕೂರಿನ ಉಪವಿಭಾಗ. 2007ರಲ್ಲಿ ಚಿಕ್ಕಬಳ್ಳಾಪುರ ಆಯಿತು, 2021ರಲ್ಲಿ ವಿಜಯನಗರ ಆಯಿತು. 2022ರ ಏಪ್ರಿಲ್‌ನಲ್ಲಿ ಆಂಧ್ರದವರು 13 ಜಿಲ್ಲೆಗಳನ್ನು 26 ಮಾಡಿಕೊಂಡಾಗ ನಮ್ಮ ಬೇಲಿಯಾಚೆಯ ಮಡಕಶಿರಾಕ್ಕೂ ಪುಟ್ಟಪರ್ತಿಯಲ್ಲಿ ಕಲೆಕ್ಟರ್ ಬಂದರು. ನಮಗೇಕಿಲ್ಲ?

ಎಡಪುಟ ತುಂಬಿದ್ದು ನಿಧಾನವಾಗಿ. ಮೊದಲು ಶಿರಾದ ನಮ್ಮ ಓರಗಿತ್ತಿಯ ಮಾತು. ಎದುರಾಳಿಯ ಮಾತನ್ನು ನಮ್ಮ ಭಾಷೆಗೆ ತಂದುಕೊಂಡರೆ ಅದು ಪೆದ್ದುಪೆದ್ದಾಗಿ ಕಾಣುತ್ತದೆ, ಗೆಲ್ಲುವುದು ಸಲೀಸು. ಆದ್ದರಿಂದ ಅವಳು ಅಂದ ಹಾಗೇ ಬರೆದುಕೊಂಡೆ: “ಅಕ್ಕಾ, ಹೈವೇಲಿ ಬಸ್ ಹತ್ತಿದ್ರೆ ತುಮಕೂರಲ್ಲಿ ಇಳೀತೀನಿ. ನಿಮ್ಮೂರಿಗೆ ಯಾಕ್ ಬರ್ಲಿ? ಜಿಲ್ಲೆ ಮಾಡೋದಾದ್ರೆ ಶಿರಾನೇ ಮಾಡ್ಲಿ.” ಶಿರಾಕ್ಕೂ ಜಿಲ್ಲೆಯ ಪಟ್ಟ ಬೇಕೆಂಬ ಬೇಡಿಕೆ ಇರುವುದು ನಿಜವೇ. ಕೊರಟಗೆರೆಯಂತೂ ತುಮಕೂರಿಗೂ ಮಧುಗಿರಿಗೂ ನಡುವೆ ಕೂತಿದೆ. ಅವರಿಗೆ ಹೇಳಿಕೊಳ್ಳುವಂಥ ಲಾಭವಿಲ್ಲ. ಉಳಿದದ್ದು ಪಾವಗಡ. ಅಲ್ಲಿಂದ ತುಮಕೂರಿಗೆ ನೂರು ಕಿಲೋಮೀಟರಿನ ಆಸುಪಾಸು, ಮಧುಗಿರಿ ದಾರಿಯಲ್ಲೇ ಸಿಗುತ್ತದೆ. ಶಕ್ತಿ ಯೋಜನೆ ಬಂದಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡು ಉಳಿಯಿತು, ದಿನದ ಕೂಲಿ ಉಳಿಯಲಿಲ್ಲ.

ಹಾಗಾದರೆ ಜಿಲ್ಲೆಯಾದರೆ ಪಾವಗಡ ಉದ್ಧಾರವಾಗುತ್ತದೆಯೆ? ಇಲ್ಲಿ ಪೆನ್ನು ನಿಂತಿತು. ಅಲ್ಲಿನ ತಿರುಮಣಿಯ ಸುತ್ತ 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಬರಲು ಜಿಲ್ಲೆಯ ಬೋರ್ಡು ಬೇಕಾಗಲಿಲ್ಲ. ಜಮೀನಿದ್ದವರಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಗುತ್ತಿಗೆ ಶುರುವಾಯಿತು. ಅದೇ ಹೊಲಗಳಲ್ಲಿ ಕಡಲೆಕಾಯಿ ಕೀಳಲು ಹೋಗುತ್ತಿದ್ದ, ಜಮೀನಿಲ್ಲದ ಮನೆಗಳಿಗೆ ಆ ಗುತ್ತಿಗೆಯಲ್ಲಿ ಪಾಲಿಲ್ಲ. ಡಿಸಿ ಸಾಹೇಬರು ತುಮಕೂರಲ್ಲಿ ಕೂತರೂ ಮಧುಗಿರಿಯಲ್ಲಿ ಕೂತರೂ ಆ ಗುತ್ತಿಗೆ ಪತ್ರದಲ್ಲಿ ಜಮೀನಿಲ್ಲದವರ ಹೆಸರು ಬರುವುದಿಲ್ಲ. ಟೀವಿ ಚರ್ಚೆ ನೋಡುತ್ತಾ ಕೂತಿದ್ದರೆ, ಜಿಲ್ಲೆ ಬೇಕೆ, ಪಾವಗಡ ಉದ್ಧಾರವಾಗುತ್ತದೆಯೆ ಎಂಬ ಈ ಎರಡು ಪ್ರಶ್ನೆಗಳನ್ನು ನಾನು ಒಂದೇ ಎಂದುಕೊಂಡು ಕೂಗುತ್ತಿದ್ದೆನೇನೋ.

ದೊಡ್ಡವರ ದಿನಚರಿಯ ಬಗೆ ಬೇರೆ. ಪಕ್ಕದ ಚಿತ್ರದುರ್ಗದ ನಿಜಲಿಂಗಪ್ಪನವರು ದಿನಚರಿ ಬರೆಯುತ್ತಿದ್ದರು. 1969ರಲ್ಲಿ ಕಾಂಗ್ರೆಸ್ ಒಡೆದಾಗ ಅದರ ಅಧ್ಯಕ್ಷರಾಗಿದ್ದ ಅವರ ಆ ವರ್ಷದ ಟಿಪ್ಪಣಿಗಳನ್ನು ಇತಿಹಾಸಕಾರರು ಕೆದಕಿದ್ದಾರೆ. ನಮ್ಮದನ್ನು ಯಾರೂ ಕೆದಕುವುದಿಲ್ಲ, ಹೆಚ್ಚೆಂದರೆ ಮಗಳು ಅದರಲ್ಲಿ ರಾಕೆಟ್ ಮಾಡಿಯಾಳು. ಹಾಗಾಗಿ ಪಕ್ಷದವರಿಗೂ ಯಜಮಾನರಿಗೂ ಹೆದರದೆ ಬರೆಯಬಹುದು.

ಬಲಪುಟದ ದಪ್ಪಕ್ಷರವನ್ನು ನಾನು ಹೊಡೆದುಹಾಕಿಲ್ಲ. ಅದರ ಕೆಳಗೆ, ಮುಂದಿನ ಸಲ ವೋಟು ಕೇಳಲು ಬರುವವರಿಗೆಂದು, ಮೂರು ಸಾಲು ಸೇರಿಸಿದ್ದೇನೆ. ಮಧುಗಿರಿಗೆ ಮೊದಲು ಬರುವುದು ಯಾವ ಕಚೇರಿ? ಶಿರಾದವರನ್ನು ಒಪ್ಪಿಸುವವರು ಯಾರು? ತಿರುಮಣಿಯ ಕೂಲಿಯವರ ವಿಚಾರ ನಿಮ್ಮ ಭಾಷಣದಲ್ಲಿ ಯಾವಾಗ ಬರುತ್ತದೆ, ಜಿಲ್ಲೆಯಾಗುವ ಮೊದಲೋ ಆದಮೇಲೋ?