ನೀಲಿ ಹುಡುಗಿಗೆ ಕಡೇ ಸಾಲು

ಪಿಕ್ಸಾರ್‌ನವರ 'ಇನ್‌ಸೈಡ್ ಔಟ್' ಸಿನಿಮಾನ ಭರತನಾಟ್ಯಕ್ಕೆ ತರ್ತಿದ್ದಾರೆ ಅಂತ ಗೊತ್ತಾದಾಗ ನಂಗೆ ಅನುಮಾನಕ್ಕಿಂತ ಖುಷಿಯೇ ಜಾಸ್ತಿ ಆಗಿತ್ತು. ಭಾವನೆಗಳೇ ಪಾತ್ರಗಳಾಗಿರೋ ಕಥೆ, ಭಾವಾಭಿನಯವೇ ಜೀವಾಳವಾಗಿರೋ ನೃತ್ಯ. ಇನ್ನೇನು ಬೇಕು? ನಾನು ನೋಡಿದ್ದು ಬೆಂಗಳೂರಿನ ಒಂದು ಡ್ಯಾನ್ಸ್ ಕ್ಲಾಸಿನ ವಾರ್ಷಿಕೋತ್ಸವದಲ್ಲಿ. ಹೆಸರು ಬೇಡ, ಕುಣಿದವರೆಲ್ಲ ಮಕ್ಕಳು. ಅವರ ಮೇಲೆ ನಂದೇನೂ ತಕರಾರಿಲ್ಲ. ತಕರಾರಿರೋದು ಇದನ್ನ ಸಂಯೋಜಿಸಿದ ದೊಡ್ಡವರ ಹತ್ರ.

ಸಿನಿಮಾ ನೋಡದವರಿಗೆ ಎರಡು ಮಾತು. ಪೀಟ್ ಡಾಕ್ಟರ್ ನಿರ್ದೇಶನ, 2015ರಲ್ಲಿ ಬಂದಿದ್ದು. 11 ವರ್ಷದ ರೈಲಿ ಅಪ್ಪ ಅಮ್ಮನ ಜೊತೆ ಮಿನೆಸೋಟ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬರ್ತಾಳೆ. ಅವಳ ತಲೆಯೊಳಗಿನ ಕಂಟ್ರೋಲ್ ರೂಮಿನಲ್ಲಿ ಐದು ಜನ: ಖುಷಿ, ದುಃಖ, ಭಯ, ಸಿಟ್ಟು, ಅಸಹ್ಯ. ಹಳದಿ ಖುಷಿ ಎಲ್ಲರಿಗೂ ಮೇಸ್ತ್ರಿ. ನೀಲಿ ದುಃಖ ಏನನ್ನೂ ಮುಟ್ಟದ ಹಾಗೆ ನೋಡ್ಕೊಳ್ಳೋದೇ ಅವಳ ಕೆಲಸ. ಸ್ಕೂಲಿನ ಮೊದಲ ದಿನ ನೆಲದ ಮೇಲೆ ಒಂದು ವೃತ್ತ ಬರೆದು, ಇದರಾಚೆ ಬರಬೇಡ ಅಂತ ನಿಲ್ಲಿಸ್ತಾಳೆ.

ಚೆನ್ನಾಗಿದ್ದದ್ದನ್ನ ಮೊದಲು ಹೇಳಿಬಿಡ್ತೀನಿ. ಸಿಟ್ಟಿನ ಹುಡುಗನ ತಟ್ಟುಮೆಟ್ಟಿಗೆ ಹಾಲ್ ನಡುಗಿತು. ಬ್ರೊಕೋಲಿ ಜಾಗದಲ್ಲಿ ಹಾಗಲಕಾಯಿ ಬಂತು. ಹಸಿರು ಲಂಗದ ಹುಡುಗಿ ಮೂಗು ಮುರಿದ ರೀತಿಗೆ ನಾನೂ ಶಿಳ್ಳೆ ಹಾಕಿದೆ. (ಜಪಾನಿನವರಿಗೆ ತೋರಿಸುವಾಗ ಪಿಕ್ಸಾರ್‌ನವರೂ ಬ್ರೊಕೋಲಿ ತೆಗೆದು ದಪ್ಪ ಮೆಣಸಿನಕಾಯಿ ಹಾಕಿದ್ದರು, ಹಾಗಾಗಿ ಇದೇನೂ ಅಪಚಾರ ಅಲ್ಲ.)

ದುಃಖಕ್ಕೆ ಏನು ಮಾಡಿದ್ರು? ಎಡವಿ ಬೀಳೋ ಕಾಮಿಡಿ. ಬಿದ್ದಾಗೆಲ್ಲ ಜನ ನಕ್ಕರು. ಉಳಿದ ಹೊತ್ತೆಲ್ಲ ಅವಳಿಗೆ ಕಡೇ ಸಾಲು. ರೈಲಿಯ ಹಳೇ ಕಲ್ಪನೆಯ ಗೆಳೆಯ, ಅರ್ಧ ಆನೆಯಂತಿರೋ ಬಿಂಗ್ ಬಾಂಗ್‌ಗೆ ಆನೆ ನಡಿಗೆ, ಅದಕ್ಕೊಂದು ಜತಿ, ಎಲ್ಲ ಇತ್ತು. ಆದ್ರೆ ಅವನ ಗಾಡಿ ಕಳೆದುಹೋಗಿ ಅವನು ಕುಸಿದು ಕೂತಾಗ ದುಃಖ ಬಂದು ಪಕ್ಕದಲ್ಲಿ ಕೂರ್ತಾಳಲ್ಲ, ಸುಮ್ನೆ ಅವನ ಮಾತು ಕೇಳಿಸ್ಕೊಳ್ತಾಳಲ್ಲ, ಆ ದೃಶ್ಯವೇ ಇಲ್ಲ! ಖುಷಿ ಏನೇನೋ ಸರ್ಕಸ್ ಮಾಡಿ ಸೋತ ಮೇಲೆ ಬರೋ ದೃಶ್ಯ ಅದು. ಇಡೀ ಸಿನಿಮಾ ನಿಂತಿರೋದೇ ಅದರ ಮೇಲೆ.

ಸಿನಿಮಾಕ್ಕೆ ಮನಶ್ಶಾಸ್ತ್ರಜ್ಞ ಪಾಲ್ ಎಕ್ಮನ್ ಸಲಹೆಗಾರರಾಗಿದ್ದರು. ಅವರ ಪ್ರಸಿದ್ಧ ಆರು ಮೂಲ ಭಾವನೆಗಳ ಪಟ್ಟಿಯಲ್ಲಿ ಅಚ್ಚರಿಯೂ ಇದೆ, ಸಿನಿಮಾ ಅದನ್ನ ಕೈಬಿಟ್ಟಿತು. ನಾಟ್ಯಶಾಸ್ತ್ರದ ಎಂಟು ಸ್ಥಾಯಿಭಾವಗಳನ್ನ ಪಕ್ಕಕ್ಕಿಟ್ಟು ನೋಡಿ: ಹಾಸ, ಶೋಕ, ಕ್ರೋಧ, ಭಯ, ಜುಗುಪ್ಸೆ, ವಿಸ್ಮಯ, ಆರೂ ಅಲ್ಲಿವೆ. ಮಜಾ ಅಂದ್ರೆ ಹರ್ಷ ಅಲ್ಲಿ ಸ್ಥಾಯಿಯೇ ಅಲ್ಲ. ಬಂದು ಹೋಗೋ 33 ಸಂಚಾರಿ ಭಾವಗಳಲ್ಲಿ ಅದೂ ಒಂದು. ಶೋಕ ಸ್ಥಾಯಿ, ಅದರಿಂದ ಕರುಣ ರಸ. ಅಂದ್ರೆ ದುಃಖಕ್ಕೆ ಮುಂದಿನ ಸಾಲು ಕೊಡೋಕೆ ಈ ತಂಡದವರು ಹಾಲಿವುಡ್ಡನ್ನ ಕೇಳಬೇಕಿರಲಿಲ್ಲ, ದಿನಾ ಕಲಿಸೋ ವಿದ್ಯೆಯನ್ನ ನಂಬಿದ್ರೆ ಸಾಕಿತ್ತು.

ಇನ್ನೊಂದು. ತಲೆಯೊಳಗಿನದನ್ನ ತೋರಿಸೋಕೆ ಸಿನಿಮಾಕ್ಕೆ ಐದು ಬಣ್ಣದ ಗೊಂಬೆಗಳು ಬೇಕು. ಅಭಿನಯಕ್ಕೆ ಒಂದು ಮುಖ ಸಾಕು. ಒಬ್ಬಳೇ ನರ್ತಕಿ ಒಂದು ಪದ ಮುಗಿಯೋದ್ರೊಳಗೆ ಆಸೆ, ಸಿಟ್ಟು, ನಾಚಿಕೆ, ಸೋಲು ಎಲ್ಲ ದಾಟಿ ಬರ್ತಾಳೆ. ಇಲ್ಲಿ ಐದು ಬಣ್ಣದ ಡ್ರೆಸ್ ಹೊಲಿಸಿದ್ರು, ರೈಲಿ ಮಾತ್ರ ಬರೀ ರೆಕಾರ್ಡೆಡ್ ದನಿ. ಯಾರ ತಲೆಯೊಳಗೆ ಇಷ್ಟೆಲ್ಲ ನಡೀತಿದೆಯೋ ಆ ಮಗುವೇ ಸ್ಟೇಜ್ ಮೇಲಿಲ್ಲ.

ಕೊನೆಗೆ ತಿಲ್ಲಾನ. ಸಿನಿಮಾದಲ್ಲಿ ಊರು ಬಿಟ್ಟು ಹೊರಟಿದ್ದ ರೈಲಿ ಬಸ್ಸಿಂದ ಇಳಿದು ಮನೆಗೆ ವಾಪಸ್ ಬಂದು, ನಂಗೆ ಹಳೇ ಊರೇ ಬೇಕು ಅಂತ ಅಳ್ತಾಳೆ. ಅಪ್ಪ ಅಮ್ಮ ತಬ್ಬಿಕೊಳ್ತಾರೆ. ಇಲ್ಲಿ ಅದರ ಬದಲು ಐವರೂ ಸಾಲಾಗಿ ನಿಂತು ಹಲ್ಲು ಕಿರಿದರು. ಸೈಡ್ ವಿಂಗಿನಿಂದ "ಸ್ಮೈಲ್, ಸ್ಮೈಲ್" ಅಂತ ಪಿಸುದನಿ ನನಗೇ ಕೇಳಿಸ್ತಿತ್ತು. ಅಪ್ಪನಿಗೆ ಟೆನ್ಶನ್ ಇದೆ, ನಾವಿಬ್ರೂ ನಗ್ತಾ ಇರೋಣ ಅಂತ ಸಿನಿಮಾದಲ್ಲಿ ಅಮ್ಮ ರೈಲಿಗೆ ಹೇಳ್ತಾಳಲ್ಲ, ಆ ಹುಡುಗಿಯ ಕಷ್ಟ ಶುರುವಾಗೋದೇ ಅಲ್ಲಿಂದ. ಹಾಲ್ ತುಂಬ ಕೆಲಸಕ್ಕೋಸ್ಕರ ಊರು ಬದಲಿಸಿದ ಅಪ್ಪ ಅಮ್ಮಂದಿರು, ವರ್ಷದ ನಡುವೆ ಸ್ಕೂಲು ಬದಲಿಸಿದ ಮಕ್ಕಳು.

ಮುಂದಿನ ವರ್ಷ ಇದನ್ನೇ ಮತ್ತೆ ಮಾಡೋದಾದ್ರೆ ನಂದೊಂದೇ ಬೇಡಿಕೆ. ತಿಲ್ಲಾನದಿಂದ ಐದು ನಿಮಿಷ ಕತ್ತರಿಸಿ. ರೈಲಿಯನ್ನ ಸ್ಟೇಜಿಗೆ ಕರ್ಕೊಂಡು ಬನ್ನಿ, ವಿಳಂಬದಲ್ಲಿ ಒಂದು ಪದ ಕೊಡಿ. ನೀಲಿ ಹುಡುಗಿ ಅವಳ ಪಕ್ಕದಲ್ಲಿ ಕೂತಿರಲಿ, ಅಡವು ಗಿಡವು ಏನೂ ಬೇಡ.